ಟ್ಯೂಬ್ ಆಂಪ್ ಹಾಕಿದರೆ ದನಿ ನಿಜಕ್ಕೂ ಬದಲಾಗುತ್ತಾ?

ಪ್ರಶ್ನೆ: ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಇದೆ. ಜಾಸ್ತಿ ಕೇಳುವುದು ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್‌ಗಳನ್ನು. ಅಮೆರಿಕದಲ್ಲಿರುವ ನನ್ನ ತಮ್ಮ, ಊರಿಗೆ ಬರುವಾಗ ಶಿಟ್ ಕಂಪನಿಯ ವಾಲಿ 2 ಹೈಬ್ರಿಡ್ ಆಂಪ್ (ಟ್ಯೂಬ್, ಟ್ರಾನ್ಸಿಸ್ಟರ್ ಎರಡೂ ಇರುವ ಹೆಡ್‌ಫೋನ್ ಆಂಪ್ಲಿಫೈಯರ್) ತರುತ್ತೇನೆ ಅಂತಿದ್ದಾನೆ, ಸೆಕೆಂಡ್ ಹ್ಯಾಂಡ್. ದನಿ ಹೇಗಿರುತ್ತದೆ? ಟ್ಯೂಬ್ ಬದಲಿಸಬೇಕಾ? (ಓದುಗರು, ಧಾರವಾಡ)

ಉತ್ತರ: ತರಿಸಿಕೊಳ್ಳಿ. 2015ರಲ್ಲಿ 169 ಡಾಲರ್‌ಗೆ ಬಂದ ಈ ಆಂಪ್ ನಿಮ್ಮ ಹೆಡ್‌ಫೋನಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ದನಿಯೇ ಬೇರೆಯಾಗಿಬಿಡುತ್ತದೆ ಅಂದುಕೊಳ್ಳಬೇಡಿ.

ಇದರಲ್ಲಿ ಟ್ಯೂಬ್, ಅಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್, ಒಂದೇ. ಅದು ಸಿಗ್ನಲ್‌ನ ವೋಲ್ಟೇಜ್ ಏರಿಸುತ್ತದೆ. ಹೆಡ್‌ಫೋನಿಗೆ ಬೇಕಾದ ಕರೆಂಟ್ ಕೊಡುವುದು ಟ್ರಾನ್ಸಿಸ್ಟರ್‌ಗಳು. ಎಚ್‌ಡಿ 600ರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಹೆಸರಿಗೆ 300 ಓಮ್, ಆದರೆ ಬೇಸ್ ಇರುವ ಕಡೆ, 100 ಹರ್ಟ್ಸ್ ಸುತ್ತಮುತ್ತ, 500 ಓಮ್ ದಾಟುತ್ತದೆ. ಬಾಟಲ್‌ಹೆಡ್ ಕ್ರ್ಯಾಕ್‌ನಂಥ ಪೂರ್ತಿ ಟ್ಯೂಬ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 100 ಓಮ್‌ಗೂ ಜಾಸ್ತಿ. ಆಂಪ್‌ನ ತಡೆ ಇಷ್ಟಿದ್ದಾಗ ಹೆಡ್‌ಫೋನಿನ ತಡೆ ಹೆಚ್ಚಿರುವ ಕಡೆ ಹೆಚ್ಚು ವೋಲ್ಟೇಜ್ ಸಿಗುತ್ತದೆ, ಹಾಗಾಗಿ ಅಲ್ಲಿ ಬೇಸ್ ಉಬ್ಬುತ್ತದೆ. ಜನ 'ಟ್ಯೂಬ್ ಸೌಂಡ್' ಎನ್ನುವುದರಲ್ಲಿ ದೊಡ್ಡ ಪಾಲು ಇದೇ. ವಾಲಿ 2ರಲ್ಲಿ ಇಂಪೀಡೆನ್ಸ್ ಕೆಲವೇ ಓಮ್, ಬೇಸ್ ಇದ್ದ ಹಾಗೇ ಇರುತ್ತದೆ.

ಉಳಿಯುವುದು ಟ್ಯೂಬ್ ಬೆರೆಸುವ ಎರಡನೇ ಹಾರ್ಮೋನಿಕ್. ಷಡ್ಜ ಹಾಡಿದರೆ ಅದರ ಜೊತೆ ಮೇಲಿನ ಷಡ್ಜವೂ ಒಂಚೂರು ಸೇರಿದ ಹಾಗೆ. ಅಪಸ್ವರ ಅನ್ನಿಸುವುದಿಲ್ಲ. ಮನ್ಸೂರರ ದನಿ ತುಸು ಮುಂದೆ ಬಂದಂತೆ, ತಂಬೂರಿಯ ಝೇಂಕಾರ ಸ್ವಲ್ಪ ತುಂಬಿಕೊಂಡಂತೆ ಕೇಳುತ್ತದೆ. ಹಳೆಯ ರೆಕಾರ್ಡಿಂಗ್‌ಗಳ ಒರಟು ಹಾರ್ಮೋನಿಯಂ ಮಾತ್ರ ಒರಟಾಗಿಯೇ ಉಳಿಯುತ್ತದೆ. ಈ ಸಣ್ಣ ವ್ಯತ್ಯಾಸ ನನಗೆ ತುಂಬಾ ಇಷ್ಟ. ಗಾಯನ ಕೇಳುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬೇರೆ ಆಂಪ್ ಜೊತೆ ಹೋಲಿಸುವಾಗ ಎರಡರ ವಾಲ್ಯೂಮನ್ನೂ ಸಮ ಮಾಡಿಕೊಳ್ಳಿ. ಒಂದು ಡೆಸಿಬಲ್ ಜಾಸ್ತಿ ಇದ್ದರೂ ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ.

ಟ್ಯೂಬ್ ಬದಲಿಸುವ ಆತುರ ಬೇಡ. ಕಂಪನಿ ಕೊಡುತ್ತಿದ್ದ 6ಬಿಜೆಡ್7 ಟ್ಯೂಬ್ ಹಳೆಯ ಟಿವಿ ಟ್ಯೂನರ್‌ಗಳಿಗೆಂದು ಮಾಡಿದ್ದು, ಒಳ್ಳೆಯದೇ. ಅದು ಸವೆದಿದ್ದರೆ 6ಡಿಜೆ8 ಅಥವಾ 6922 ಹಾಕಬಹುದು. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ವಾಲ್ವ್ ತಯಾರಿಸುತ್ತಿತ್ತು. ಅದರ ಇಸಿಸಿ83 ಎಲ್ಲಾದರೂ ಕಣ್ಣಿಗೆ ಬಿದ್ದರೆ ಆಸೆಯಾಗುತ್ತದೆ, ಅಲ್ವಾ? ಅದೇ ಒಂಬತ್ತು ಪಿನ್, ಸಾಕೆಟ್ಟಿಗೂ ಕೂರುತ್ತದೆ. ಆದರೆ ಹೀಟರ್‌ನ (ಟ್ಯೂಬ್ ಕಾಯಿಸುವ ತಂತಿಯ) ವೈರಿಂಗ್ ಬೇರೆ. ಹಾಕಲೇಬೇಡಿ.

ಆನ್ ಮಾಡಿ ಕೆಲವು ನಿಮಿಷ ಬಿಸಿಯಾಗಲು ಬಿಡಿ. ಟೇಬಲ್ ತಟ್ಟಿದಾಗ ಹೆಡ್‌ಫೋನಿನಲ್ಲಿ 'ಟಿಂಗ್' ಎಂದರೆ ಗಾಬರಿ ಬೇಡ, ಟ್ಯೂಬ್‌ಗಳಲ್ಲಿ ಅದು ಸಾಮಾನ್ಯ. 2013ರ ಮೊದಲ ವಾಲಿಯಲ್ಲಿ ಬೆಸುಗೆ ಹಾಕಿದ ಪುಟ್ಟ ಟ್ಯೂಬ್‌ಗಳಿದ್ದವು. ಈ ಕಾಟ ಅದರಲ್ಲಿ ಬಹಳ ಜಾಸ್ತಿ, ಟ್ಯೂಬ್ ಬದಲಿಸುವ ದಾರಿಯೂ ಇರಲಿಲ್ಲ. ಹಾಗಾಗಿ ತಮ್ಮ ತರುವುದು ವಾಲಿ 2 ಹೌದೋ ಅಲ್ಲವೋ ನೋಡಿಕೊಳ್ಳಲಿ.

ಮುಖ್ಯವಾದದ್ದು ಅಡಾಪ್ಟರ್. ಅಮೆರಿಕದ್ದು ಅಲ್ಲಿನ 115 ವೋಲ್ಟ್‌ಗೆ ಮಾಡಿದ್ದು. ಸುಮ್ನೆ ಪಿನ್ ಕನ್ವರ್ಟರ್ ಹಾಕಿ ನಮ್ಮ 230 ವೋಲ್ಟ್‌ಗೆ ಕೊಟ್ಟರೆ ಸುಟ್ಟುಹೋಗುತ್ತದೆ. ಜೊತೆಗೆ ಅದು ಎಸಿ ಹೊರಗೆ ಕೊಡುವ ಅಡಾಪ್ಟರ್, ಮನೆಯಲ್ಲಿರುವ ಡಿಸಿ ಅಡಾಪ್ಟರ್ ನಡೆಯುವುದಿಲ್ಲ. ಈ ಆಂಪ್‌ಗೆಂದೇ ಇರುವ 230 ವೋಲ್ಟ್ ಅಡಾಪ್ಟರ್ ಸಿಕ್ಕ ಮೇಲೆಯೇ ಪ್ಲಗ್ ಹಾಕಿ.