ಹೆರಿಗೆಯಾದ ಮಾರನೇ ದಿನವೇ ಮನೆಗೆ ಕರೆದುಕೊಂಡು ಬರಬಹುದಾ? ವಾರ್ಡ್‌ನಲ್ಲಿ ಜೊತೆಗಿರುವವರು ಏನು ನೋಡಿಕೊಳ್ಳಬೇಕು?

ತಂಗಿಗೆ ಶ್ರಾವಣದಲ್ಲಿ ಹೆರಿಗೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ, ಮನೆ ತೀರ್ಥಹಳ್ಳಿಯಿಂದ ಆಚೆ, ಜೊತೆಗಿರೋದು ಅಮ್ಮ ಒಬ್ಬರೇ ಅಂತ ಬರೆದಿದ್ದೀರಿ.

ಮಾರನೇ ದಿನ ಖಂಡಿತ ಬೇಡ. ಸಹಜ ಹೆರಿಗೆಯಾದರೂ 48 ಗಂಟೆ ಅಲ್ಲೇ ಇರಲಿ. ಹೆಚ್ಚು ರಕ್ತ ಹೋಗುವ ಅಪಾಯ ಇರೋದು ಮೊದಲ 24 ಗಂಟೆಯಲ್ಲಿ. ಎದೆಹಾಲು ತುಂಬಿ ಬರೋದು, ಮಗುವಿನ ಕಾಮಾಲೆ ಏರೋದು ಎರಡು–ಮೂರನೇ ದಿನದ ಹೊತ್ತಿಗೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿ.ಮೀ. ಆ ಮಳೆಯಲ್ಲಿ ದಾರಿಗೆ ಮರ ಬಿದ್ದರೆ ವಾಪಸ್ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತೋ! ಖರ್ಚಿಗೆ ಹೆದರಬೇಡಿ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧಿ, ಪರೀಕ್ಷೆ, ರಕ್ತ ಎಲ್ಲ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟವೂ ಉಚಿತ. ಮನೆಗೆ ಬಿಡುವ ವಾಹನವೂ ಇದರಲ್ಲೇ ಬರುತ್ತೆ, ಡಿಸ್ಚಾರ್ಜ್ ದಿನ ಬೆಳಿಗ್ಗೆಯೇ ಕೇಳಿಡಿ.

ಇನ್ನು ಅಮ್ಮನ ಕೆಲಸ. ಸರ್ಕಾರಿ ವಾರ್ಡ್‌ನಲ್ಲಿ ಒಬ್ಬ ಸಿಸ್ಟರ್ ಎಷ್ಟೋ ಹಾಸಿಗೆ ನೋಡಬೇಕಾಗುತ್ತೆ. ಹಾಗಾಗಿ ಮೊದಲು ಕಣ್ಣಿಗೆ ಬೀಳಬೇಕಾದ್ದು ಪಕ್ಕದಲ್ಲಿ ಕೂತವರಿಗೇ. ಹೊಕ್ಕುಳ ಹತ್ತಿರ ಮೆತ್ತಗೆ ಕೈಯಿಟ್ಟರೆ ಗರ್ಭಕೋಶ ಗಟ್ಟಿ ಚೆಂಡಿನ ಹಾಗೆ ಸಿಗಬೇಕು. ಹೇಗೆ ಅಂತ ಸಿಸ್ಟರ್ ಹತ್ತಿರ ಒಂದು ಸಲ ತೋರಿಸಿಕೊಳ್ಳಲಿ. ನಾದಿದ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಅದು ಬಿಗಿಯುತ್ತಿಲ್ಲ, ಒಳಗಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತಿಲ್ಲ ಅಂತ ಅರ್ಥ. ತಕ್ಷಣ ಕರೀಬೇಕು. ಎಷ್ಟೋ ಸಲ ಕಾರಣ ತುಂಬಿದ ಮೂತ್ರಕೋಶ. ಅದು ಗರ್ಭಕೋಶವನ್ನ ಮೇಲಕ್ಕೆ, ಪಕ್ಕಕ್ಕೆ ತಳ್ಳಿ ಬಿಗಿಯೋಕೆ ಬಿಡಲ್ಲ. ಹೆರಿಗೆಯಾದ 6 ಗಂಟೆಯೊಳಗೆ ಮೂತ್ರ ಹೋಗಲೇಬೇಕು, ಹೋಗದಿದ್ದರೆ ಹೇಳಿ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನ ಗಾತ್ರದ ಗಡ್ಡೆ ಬಿದ್ದರೆ, ಮುಖ ಬಿಳುಚಿಕೊಂಡು ಬೆವರಿದರೆ ‘ಸಿಸ್ಟರ್ ಬರಲಿ’ ಅಂತ ಕಾಯಬಾರದು, ಎದ್ದು ಹೋಗಿ ಕರೆದುಕೊಂಡು ಬರಬೇಕು. ಬಿ.ಪಿ. ಇದ್ದವರಿಗಷ್ಟೇ ಅಲ್ಲ, ಯಾರಿಗಾದರೂ ವಿಪರೀತ ತಲೆನೋವು ಬಂದರೆ, ಕಣ್ಣು ಮಂಜಾದರೆ ಅದೂ ತುರ್ತೇ. ಹೆರಿಗೆ ಆದ ಮೇಲೂ ಫಿಟ್ಸ್ ಬರಬಹುದು.

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ನೀರು ಕಡಿಮೆಯಾದರೆ ಮೂತ್ರ ಉರಿ, ಮಲಬದ್ಧತೆ, ಹೊಲಿಗೆ ಜಾಗಕ್ಕೆ ನೋವು. ಬಾಯಾರಿದಾಗಲೆಲ್ಲ ಕುಡಿಯಲಿ, ಬಿಸಿನೀರೇ ಆಗಲಿ. ಫ್ಲಾಸ್ಕ್ ಎರಡು ಒಯ್ಯಿರಿ.

ಮಗುವಿಗೆ ಮೊದಲ ಗಂಟೆಯಲ್ಲೇ ಎದೆಹಾಲು. ಜೇನುತುಪ್ಪ, ಸಕ್ಕರೆ ನೀರು, ಬಜೆ ಯಾವುದೂ ಬೇಡ. ಮೊದಲ ದಿನದ ಹಳದಿ ಹಾಲು ಚಮಚದಷ್ಟೇ ಬಂದರೂ ಆ ಪುಟ್ಟ ಹೊಟ್ಟೆಗೆ ಸಾಕು. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ತೊಟ್ಟಿನ ತುದಿಯಷ್ಟೇ ಬಾಯಲ್ಲಿದ್ದರೆ ತೊಟ್ಟು ಒಡೆಯುತ್ತೆ, ಹಾಲೂ ಬರಲ್ಲ. ಮಗು ಬಾಯಿ ಅಗಲ ತೆರೆದ ಮೇಲೇ ಎದೆಗೆ ತರಬೇಕು, ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ನೋಯುತ್ತಿದ್ದರೆ ಎಳೆಯಬೇಡಿ, ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಿ. ಹಾಲು ಸಾಲ್ತಿದೆಯಾ ಅನ್ನೋದಕ್ಕೆ ಮೂತ್ರ ಎಣಿಸಿ: ಮೊದಲ ದಿನ ಒಂದು ಸಲವಾದರೂ, ಎರಡನೇ ದಿನ ಎರಡು ಸಲ, ಹೀಗೆ ಏರಿ ಐದಾರನೇ ದಿನದಿಂದ ಆರಕ್ಕಿಂತ ಹೆಚ್ಚು. ಡೈಪರ್ ಹಾಕಿದರೆ ಈ ಲೆಕ್ಕ ಸಿಗಲ್ಲ, ಹಳೇ ಪಂಚೆಯ ತುಂಡೇ ಒಳ್ಳೇದು. ಮಳೆಗಾಲದಲ್ಲಿ ಒಣಗಲ್ಲ, 25 ತುಂಡಾದರೂ ಇರಲಿ.

ಮಲೆನಾಡಿನ ಚಳಿಗೆ ಮಗುವಿನ ಹೊಟ್ಟೆ, ಪಾದ ಎರಡನ್ನೂ ಆಗಾಗ ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹಿಡಿಯುತ್ತಿದೆ ಅಂತ. ಟೋಪಿ ಹಾಕಿ, ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಹೊದಿಸಿ. ಎರಡೂ ತಣ್ಣಗಿದ್ದರೆ ಡಾಕ್ಟರಿಗೆ ಹೇಳಿ. ಮನೆಗೆ ಹೋದ ಮೇಲೂ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ, ಆ ಹೊಗೆ ವಿಷ. ಹೊಕ್ಕುಳಬಳ್ಳಿಗೆ ಎಣ್ಣೆ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಿ. 24 ಗಂಟೆಯೊಳಗೆ ಮೈ ಹಳದಿಯಾದರೆ, ಅಥವಾ ಯಾವಾಗಲಾದರೂ ಅಂಗೈ ಅಂಗಾಲಿಗೆ ಹಳದಿ ಇಳಿದರೆ ಬಿಸಿಲಿಗೆ ಹಿಡಿಯುತ್ತಾ ಕೂರಬಾರದು, ತೋರಿಸಲೇಬೇಕು.

ಹೊರಡುವ ಮುಂಚೆ ತಾಯಿ ಕಾರ್ಡ್ ತೆರೆದು ನೋಡಿ: ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಬರೆದಿರಬೇಕು. ತಂಗಿಯದು ನೆಗೆಟಿವ್ ರಕ್ತದ ಗುಂಪು, ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಇದು ಮರೆತರೆ ಪೆಟ್ಟು ಬೀಳೋದು ಮುಂದಿನ ಮಗುವಿಗೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ 180 ದಿನ, ಎರಡನ್ನೂ ಒಟ್ಟಿಗೆ ನುಂಗಬಾರದು. ಜನನ ನೋಂದಣಿ 21 ದಿನದೊಳಗೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಅವರ ನಂಬರ್ ಹೆರಿಗೆಗೆ ಮುಂಚೆಯೇ ಅಮ್ಮನ ಫೋನಿನಲ್ಲಿ ಇರಲಿ.