ಚಳಿಗಾಲದಲ್ಲಿ ಮೋಟಾರ್‌ಹೋಮ್ ಪಂಪ್ ಒಡೆಯುವುದೇಕೆ?

ಪ್ರಶ್ನೆ: ಹಿಮಗಾಲಕ್ಕೆ ಮೊದಲೇ ಮೋಟಾರ್‌ಹೋಮ್‌ನ (ಮನೆಯಂತೆ ವಾಸಿಸಬಹುದಾದ ವಾಹನ) ನೀರಿನ ಟ್ಯಾಂಕ್ ಖಾಲಿ ಮಾಡಿದ್ದೆ. ಆದರೂ ಪಂಪ್ ಒಡೆದಿದೆ. ಏಕೆ?

ಉತ್ತರ: ಟ್ಯಾಂಕ್ ಬರಿದಾದರೂ ಪಂಪಿನಲ್ಲಿ, ಪೈಪುಗಳ ತಗ್ಗಿನಲ್ಲಿ ನೀರು ಉಳಿದೇ ಇರುತ್ತದೆ. ಹೆಪ್ಪುಗಟ್ಟುವಾಗ ಅದು ಸುಮಾರು 9% ಹಿಗ್ಗುತ್ತದೆ, ಪ್ಲಾಸ್ಟಿಕ್ ತಾಳುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ: ನೀರು ಕಾಯಿಸುವ ಹೀಟರ್ ಆರಿಸಿ, ನೀರು ತಣಿದ ಮೇಲೆ ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಆಮೇಲಷ್ಟೇ ಡ್ರೇನ್ ಪ್ಲಗ್ ಬಿಚ್ಚಿ. ಬೈಪಾಸ್ ವಾಲ್ವ್ (ಹೀಟರಿಗೆ ಹೋಗದೆ ಪಕ್ಕದಿಂದ ಹರಿಯುವಂತೆ ಮಾಡುವ ಕವಾಟ) ತಿರುಗಿಸಲು ಮರೆತರೆ, ಪೈಪಿಗೆ ತುಂಬುವ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಎಲ್ಲಾ ಹೀಟರಿನ ಹೊಟ್ಟೆ ಸೇರುತ್ತದೆ. ಫಿಲ್ಟರ್ ತೆಗೆದಿಡಿ. ಪಂಪಿಗೆ ನೀರೆಳೆಯುವ ಕೊಳವೆಯನ್ನು ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಕ್ಯಾನಿಗೆ ಇಳಿಸಿ. ಸಾಮಾನ್ಯವಾಗಿ 8–12 ಲೀಟರ್ ಸಾಕು. ಪ್ರತಿ ನಲ್ಲಿಯಲ್ಲೂ ತಣ್ಣೀರು, ಬಿಸಿನೀರು ಎರಡೂ ಕಡೆ ಗುಲಾಬಿ ಬಣ್ಣ ಕಾಣುವವರೆಗೆ ಹರಿಸಿ. ಫ್ಲಶ್ ಮತ್ತು ಹೊರಗಿನ ಶವರಿನಲ್ಲೂ ಹೀಗೇ ಹರಿಸಿ. ಹೆಚ್ಚಿನವರು ಮರೆಯುವುದು ಅಲ್ಲೇ. ಸಿಂಕಿನಡಿಯ ಟ್ರ್ಯಾಪಿಗೆ (ನೀರು ನಿಲ್ಲುವ ಬಾಗಿದ ಕೊಳವೆ) ಒಂದೊಂದು ಲೋಟ ಆಂಟಿಫ್ರೀಜ್ ಸುರಿಯಿರಿ. ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಮಾತ್ರ ಬೇಡವೇ ಬೇಡ, ಅದು ವಿಷ.