ವಾಹನ ಪ್ರಶ್ನೋತ್ತರ: ಹದಿನೇಳು ಅಡಿಯ ಪೋರ್ಟಿಕೋ, ಬರಲಿರುವ ಹೊಸ ಲೆಕ್ಸಸ್

(2025ರ ನವೆಂಬರ್)

ಪ್ರಶ್ನೆ: ನಾನು ಮೈಸೂರಿನಲ್ಲಿ ವೈದ್ಯವೃತ್ತಿಯಲ್ಲಿದ್ದೇನೆ. ಒಂಬತ್ತು ವರ್ಷದಿಂದ ಓಡಿಸುತ್ತಿರುವ ಡೀಸೆಲ್ ಸೆಡಾನಿನ ಗೇರ್‌ಬಾಕ್ಸ್ ಈಚೆಗೆ ತೊಂದರೆ ಕೊಡುತ್ತಿದೆ. ದುರಸ್ತಿಗೆ ಮೂರು ಲಕ್ಷ ರೂಪಾಯಿಗೂ ಮಿಕ್ಕಿ ತಗಲುತ್ತದೆ ಎಂದಿದ್ದಾರೆ. ಅದರ ಬದಲು ಲೆಕ್ಸಸ್ ಇಎಸ್ 300ಎಚ್ ಕೊಳ್ಳೋಣವೆಂದು ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಈ ಕಾರಿನ ಹೊಸ ಪೀಳಿಗೆ ಚೀನಾದಲ್ಲಿ ಅನಾವರಣಗೊಂಡಿದೆಯೆಂದು ತಿಳಿಯಿತು. ಕಾಯಿರಿ ಎಂದು ಮಗ ಹೇಳುತ್ತಾನೆ. ಶೋರೂಮಿನವರು ಈಗಿನ ಕಾರಿಗೆ ರಿಯಾಯಿತಿ ಕೊಡಲು ಸಿದ್ಧರಿದ್ದಾರೆ, ಹೊಸದು ಯಾವಾಗ ಬರುತ್ತದೆಂದು ಮಾತ್ರ ಹೇಳುತ್ತಿಲ್ಲ. ತಿಂಗಳಿಗೆ ಎರಡು ಸಲವಾದರೂ ಬೆಂಗಳೂರಿಗೆ ಹೋಗಿಬರುತ್ತೇನೆ. ಎಂಬತ್ತೆರಡು ವರ್ಷದ ನನ್ನ ತಾಯಿಯವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಅವರಿಗೆ ಮೊಣಕಾಲು ನೋವಿದೆ. ನಮ್ಮ ಹಳೆಯ ಮನೆಯ ಪೋರ್ಟಿಕೋ ಗೇಟಿನವರೆಗೆ ಹದಿನೇಳು ಅಡಿ ಉದ್ದವಿದೆ. ನಾನು ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ನೀವು ಕೊನೆಯಲ್ಲಿ ಬರೆದ ಪೋರ್ಟಿಕೋದ ಅಳತೆಯಿಂದಲೇ ಮೊದಲು ಮಾಡುತ್ತೇನೆ. ಈಗಿನ ಇಎಸ್ 4,975 ಮಿಲಿಮೀಟರ್ ಉದ್ದವಿದೆ. 2025ರ ಏಪ್ರಿಲ್‌ನಲ್ಲಿ ಶಾಂಘೈ ಪ್ರದರ್ಶನದಲ್ಲಿ ತೋರಿಸಿದ ಎಂಟನೆಯ ಪೀಳಿಗೆಯ ಇಎಸ್‌ನ ಉದ್ದ 5,140 ಮಿಲಿಮೀಟರ್. ನಿಮ್ಮ ಹದಿನೇಳು ಅಡಿ ಎಂದರೆ ಸುಮಾರು 5,180 ಮಿಲಿಮೀಟರ್. ಆದ್ದರಿಂದ ಹೊಸ ಕಾರನ್ನು ಗೋಡೆಗೆ ತಾಗುವಂತೆ ನಿಲ್ಲಿಸಿದರೂ ಗೇಟಿಗೂ ಕಾರಿಗೂ ನಡುವೆ ನಾಲ್ಕು ಬೆರಳಿನ ಅಗಲದಷ್ಟು ಜಾಗವೂ ಉಳಿಯುವುದಿಲ್ಲ, ಹಿಂದೆ ನಿಂತು ಡಿಕ್ಕಿ ತೆರೆಯುವ ಮಾತಂತೂ ಇಲ್ಲ. ಈಗಿನ ಕಾರಿಗಾದರೆ ಸುಮಾರು ಇಪ್ಪತ್ತು ಸೆಂಟಿಮೀಟರ್ ಉಳಿಯುತ್ತದೆ. ಅದೂ ಧಾರಾಳವೇನಲ್ಲ, ಆದರೆ ಗೇಟು ಮುಚ್ಚುತ್ತದೆ. ಗೇಟನ್ನು ರಸ್ತೆಯ ಕಡೆಗೆ ಸರಿಸುವುದಾಗಲಿ, ಪೋರ್ಟಿಕೋದ ಒಳಗೋಡೆಯನ್ನು ಒಡೆಯುವುದಾಗಲಿ ಸಾಧ್ಯವಿಲ್ಲದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲೇ ಸಿಕ್ಕಿದಂತಾಯಿತು. ಆದರೂ ಟೇಪು ಹಿಡಿದು ಇನ್ನೊಮ್ಮೆ ಅಳೆಯಿರಿ. ಹಳೆಯ ಮನೆಗಳ ಹದಿನೇಳು ಅಡಿ ಎಷ್ಟೋ ಸಲ ಹದಿನಾರೂಮುಕ್ಕಾಲೇ ಆಗಿರುತ್ತದೆ.

ಇನ್ನು ಕಾಯುವ ವಿಚಾರ. ಎಷ್ಟು ದಿನ ಕಾಯಬೇಕಾದೀತು ಎಂಬುದನ್ನು ಹಿಂದಿನ ಅನುಭವದಿಂದ ಅಂದಾಜು ಮಾಡಬಹುದಾದರೂ ಆ ಅನುಭವ ಒಂದೇ ತೆರನಾಗಿಲ್ಲ. ಲೆಕ್ಸಸ್ 2017ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ತಂದದ್ದು ಆರನೆಯ ಪೀಳಿಗೆಯ ಇಎಸ್. ಏಳನೆಯದು 2018ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಅನಾವರಣಗೊಂಡು ಜುಲೈ ಹೊತ್ತಿಗೆ ಇಲ್ಲಿ ಮಾರಾಟಕ್ಕೆ ನಿಂತಿತು, ಅಂದರೆ ಮೂರೇ ತಿಂಗಳು. ಮೊದಲ ವರ್ಷ ಕೊಂಡವರ ಕಾರು ಒಂದೂವರೆ ವರ್ಷ ತುಂಬುವ ಮೊದಲೇ ಹಳೆಯ ಮಾದರಿಯಾಯಿತು. ಇದೇ ಬಳಗದ ಟೊಯೋಟ ಕ್ಯಾಮ್ರಿಯ ಕಥೆ ಬೇರೆ. ಅದರ ಹೊಸ ಪೀಳಿಗೆಯನ್ನು ಜಗತ್ತು ಕಂಡದ್ದು 2023ರ ನವೆಂಬರ್‌ನಲ್ಲಿ, ಭಾರತದಲ್ಲಿ ಬಿಡುಗಡೆಯಾದದ್ದು 2024ರ ಡಿಸೆಂಬರ್‌ನಲ್ಲಿ. ಮರ್ಸಿಡಿಸ್ ಇ-ಕ್ಲಾಸ್ ಇನ್ನೂ ನಿಧಾನವಾಗಿ, ಸುಮಾರು ಒಂದೂವರೆ ವರ್ಷದ ಮೇಲೆ ಬಂದಿತು. ಶಾಂಘೈ ಅನಾವರಣವಾಗಿ ಈಗಾಗಲೇ ಏಳು ತಿಂಗಳು ಕಳೆದಿದೆ. ಬುಕಿಂಗ್ ತೆರೆದ ಮೇಲೂ ಮೊದಲ ಕಾರುಗಳು ಕೈಸೇರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಕೆಟ್ಟ ಗೇರ್‌ಬಾಕ್ಸಿನಲ್ಲಿ ಓಡಾಡುವಂತಿಲ್ಲ, ದುರಸ್ತಿ ಮಾಡಿಸಿದರೆ ಮಾರುವಾಗ ಆ ಮೂರು ಲಕ್ಷ ಹಿಂದಿರುಗುವುದಿಲ್ಲ. ಕಾಯುವುದಕ್ಕೂ ಒಂದು ಬೆಲೆಯಿದೆಯಲ್ಲ, ನಿಮ್ಮ ವಿಷಯದಲ್ಲಿ ಅದು ಮೂರು ಲಕ್ಷ.

ತೆರಿಗೆ ಇಳಿಯಲೆಂದು ಕಾಯುವ ಕಾರಣವೂ ಈಗ ಉಳಿದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ (ಉಪಕರ) ಇಲ್ಲದ ಶೇ 40ರ ಜಿಎಸ್‌ಟಿ ಬಂದಿದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಇಎಸ್‌ನಂಥ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ) ಕಾರುಗಳ ಮೇಲೆ ಮೊದಲಿದ್ದ ಭಾರ ಶೇ 43 ಆದ್ದರಿಂದ ಅವಕ್ಕೆ ಸಿಕ್ಕಿದ್ದು ಮೂರು ಅಂಶಗಳ ಇಳಿಕೆ ಮಾತ್ರ. ದೊಡ್ಡ ಎಂಜಿನ್ನಿನ ಸಾಮಾನ್ಯ ಪೆಟ್ರೋಲ್, ಡೀಸೆಲ್ ಸೆಡಾನ್‌ಗಳ ಮೇಲೆ ಶೇ 48ರಷ್ಟಿದ್ದುದರಿಂದ ಅವುಗಳ ತೆರಿಗೆ ಎಂಟು ಅಂಶ ಇಳಿಯಿತು. ಹೈಬ್ರಿಡ್‌ಗೆ ತೆರಿಗೆಯಲ್ಲಿದ್ದ ಅನುಕೂಲ ಇದರಿಂದ ಮಾಯವಾಯಿತು. ಇಂಧನ ಉಳಿತಾಯದ ಅನುಕೂಲ ಉಳಿದಿದೆ, ಅದು ಹೆದ್ದಾರಿಗಿಂತ ಊರೊಳಗಿನ ನಿಂತು ಸಾಗುವ ಸಂಚಾರದಲ್ಲಿ ಹೆಚ್ಚು. ಎಕ್ಸ್‌ಪ್ರೆಸ್‌ವೇಯಲ್ಲೇ ಹೆಚ್ಚು ಓಡಾಡುವ ನೀವು ಕೇವಲ ಮೈಲೇಜಿಗಾಗಿ ಹೈಬ್ರಿಡ್ ಕೊಳ್ಳುವುದಾದರೆ ನಾನು ಬೇಡವೆನ್ನುತ್ತೇನೆ, ನಿಶ್ಶಬ್ದಕ್ಕಾಗಿ ಮತ್ತು ರಗಳೆಯಿಲ್ಲದ ಬಾಳಿಕೆಗಾಗಿ ಕೊಳ್ಳುವುದಾದರೆ ಸರಿ. (ನೀವು ನೋಡುತ್ತಿರುವ ಕಾರು 2020ರಿಂದ ಬಿಡದಿಯಲ್ಲೇ ಜೋಡಣೆಯಾಗುತ್ತಿದೆ. ಪ್ರತಿ ಸಲ ಬೆಂಗಳೂರಿಗೆ ಹೋಗುವಾಗ ಅದು ಹುಟ್ಟುವ ಊರನ್ನು ಹಾದೇ ಹೋಗುತ್ತಿದ್ದೀರಿ.)

ನಮ್ಮ ರಾಜ್ಯದಲ್ಲಿ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಜೀವಾವಧಿ ತೆರಿಗೆಯ ಬಗ್ಗೆ. ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಉಪಕರ. ಕಾರಿನ ಬೆಲೆ ಸುಮಾರು 68 ಲಕ್ಷವೆಂದು ಹಿಡಿದರೆ ಹದಿಮೂರೂವರೆ ಲಕ್ಷದಷ್ಟು ಹಣ ನೋಂದಣಿಯ ದಿನವೇ ಹೋಗುತ್ತದೆ. ಈಗ ಇದನ್ನು ಕೊಂಡು ಎರಡು ವರ್ಷದ ಮೇಲೆ ಹೊಸದಕ್ಕೆ ಬದಲಾಯಿಸಿದರಾಯಿತು ಎಂಬ ಯೋಚನೆ ಏನಾದರೂ ಇದ್ದರೆ ಈ ಕಾರಣಕ್ಕಾಗಿ ಅದನ್ನು ಕೈಬಿಡಿ, ಏಕೆಂದರೆ ಹಾಗೆ ಮಾಡಿದಾಗ ಆ ಮೊತ್ತವನ್ನು ಎರಡು ಸಲ ತೆತ್ತಂತಾಗುತ್ತದೆ. ಹಿಂದಿನ ಕಾರನ್ನು ಒಂಬತ್ತು ವರ್ಷ ಇಟ್ಟುಕೊಂಡವರು ನೀವು, ಇದನ್ನೂ ಅಷ್ಟೇ ಕಾಲ ಇಟ್ಟುಕೊಳ್ಳುವಿರಿ ಎಂದು ಭಾವಿಸುತ್ತೇನೆ. ಹೊಸ ರೂಪ ಬಂದೊಡನೆ ಹಳೆಯ ರೂಪದ ಮರುಮಾರಾಟದ ಬೆಲೆ ಕುಸಿಯುವುದು ನಿಜವಾದರೂ ಆ ಪೆಟ್ಟು ಬೀಳುವುದು ಎರಡು ಮೂರು ವರ್ಷದಲ್ಲಿ ಮಾರುವವರಿಗೆ. ಒಂಬತ್ತು ವರ್ಷದ ಕಾರನ್ನು ಕೊಳ್ಳಲು ಬಂದವನು ಸರ್ವಿಸ್ ದಾಖಲೆ ನೋಡುತ್ತಾನೆಯೇ ಹೊರತು ದೀಪದ ಆಕಾರವನ್ನಲ್ಲ.

ತಾಯಿಯವರ ಮೊಣಕಾಲಿನ ವಿಚಾರದಲ್ಲಿ ಮಾತ್ರ ಹೊಸ ಕಾರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ಈಗಿನದಕ್ಕಿಂತ ಸುಮಾರು ಹನ್ನೊಂದು ಸೆಂಟಿಮೀಟರ್ ಎತ್ತರವಾಗಿದೆ, ಚಕ್ರಾಂತರವೂ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 80 ಮಿಲಿಮೀಟರ್ ಬೆಳೆದಿದೆ. ಈಗಿನ ಇಎಸ್ ತಗ್ಗಾದ ಕಾರು. ಹಿಂದಿನ ಸೀಟಿನಲ್ಲಿ ಕುಳಿತ ಮೇಲೆ ಸುಖವಿದೆ, ಆದರೆ ಕೂರಲು ಸೊಂಟ ಬಗ್ಗಿಸಬೇಕು, ಏಳಲು ಯಾರಾದರೂ ಕೈ ಕೊಡಬೇಕು. ತಾಯಿಯವರನ್ನು ಶೋರೂಮಿಗೆ ಕರೆದುಕೊಂಡು ಹೋಗಿ ಮೂರು ನಾಲ್ಕು ಸಲ ಹತ್ತಿಸಿ ಇಳಿಸಿ ನೋಡಿ, ಸಂಕೋಚ ಪಡಬೇಡಿ. ಅವರಿಗೆ ಕಷ್ಟವಾದರೆ ನನ್ನ ಸಲಹೆ ಹೊಸ ಇಎಸ್‌ಗೆ ಕಾಯಿರಿ ಎಂದಲ್ಲ, ಸೆಡಾನನ್ನೇ ಬಿಟ್ಟು ಎತ್ತರದ ಕಾರು ನೋಡಿ ಎಂದು.

ಕಷ್ಟವಾಗದಿದ್ದರೆ ಈಗಿನದನ್ನೇ ಕೊಳ್ಳಿ. ಹೊಸ ಪೀಳಿಗೆಯ ಹೈಬ್ರಿಡ್ ಇಎಸ್ ಆದ 350ಎಚ್‌ನಲ್ಲೂ ಇರುವುದು 2.5 ಲೀಟರಿನ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರಿನ ಜೋಡಿಯೇ. ಅಲ್ಲದೆ 2024ರ ಜೂನ್‌ನಿಂದ ಇಲ್ಲಿ ಮಾರುವ ಲೆಕ್ಸಸ್‌ಗಳಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿಯಿದೆ, ಗೇರ್‌ಬಾಕ್ಸಿನಿಂದ ನೊಂದ ನಿಮಗೆ ಅದರ ಬೆಲೆ ಗೊತ್ತು. ಚೌಕಾಸಿಯಲ್ಲಿ ಮಾತ್ರ ಗಟ್ಟಿಯಾಗಿರಿ. ಆರನೆಯ ಪೀಳಿಗೆಯಿಂದ ಏಳನೆಯದಕ್ಕೆ ಬಂದಾಗ ಇಎಸ್‌ನ ಬೆಲೆ ಏರಿದ್ದು ಸುಮಾರು ನಾಲ್ಕು ಲಕ್ಷ, ಕ್ಯಾಮ್ರಿಯದು ಎರಡು ಲಕ್ಷಕ್ಕೂ ಕಡಿಮೆ. ಹಳೆಯ ರೂಪವನ್ನು ಒಪ್ಪಿಕೊಳ್ಳುವ ಗಿರಾಕಿಗೆ ನಾಲ್ಕು ಲಕ್ಷಕ್ಕೆ ಕಡಿಮೆಯಿಲ್ಲದ ರಿಯಾಯಿತಿ ಸಿಗಬೇಕೆಂಬುದು ನನ್ನ ಲೆಕ್ಕ, ಅದೂ ಬಿಲ್ಲಿನಲ್ಲಿ ಕಡಿತವಾಗಿ, ಮ್ಯಾಟು, ಪಾಲಿಶು, ಉಚಿತ ವಿಮೆಯ ರೂಪದಲ್ಲಲ್ಲ.

ಪ್ರಶ್ನೆ: ಇದೇ ಇಎಸ್‌ನ ಹೊಸ ಪೀಳಿಗೆಯಲ್ಲಿ ಪೂರ್ಣ ವಿದ್ಯುತ್ ಕಾರೂ ಬರುತ್ತದಂತೆ. ಅದಕ್ಕಾಗಿ ಕಾಯುವುದು ಸರಿಯೇ? ನನ್ನ ಈಗಿನ ಕಾರು ಇನ್ನೂ ಚೆನ್ನಾಗಿದೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕಾಯಬಹುದು. ಈಗಿನ ಕಾರು ಚೆನ್ನಾಗಿರುವಾಗ ಕಾಯುವುದರಿಂದ ನಿಮಗೆ ನಷ್ಟವೇನೂ ಇಲ್ಲ. ಇಎಸ್‌ನಲ್ಲಿ 350ಇ ಮತ್ತು 500ಇ ಎಂಬ ಎರಡು ವಿದ್ಯುತ್ ಮಾದರಿಗಳನ್ನು ಶಾಂಘೈಯಲ್ಲಿ ತೋರಿಸಿದ್ದಾರೆ, ಎರಡನೆಯದರಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯಿದೆ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5 ಮಾತ್ರ. ಕರ್ನಾಟಕದಲ್ಲಿ 25 ಲಕ್ಷಕ್ಕೆ ಮೇಲ್ಪಟ್ಟ ವಿದ್ಯುತ್ ಕಾರಿಗೆ 2024ರಿಂದ ಶೇ 10ರ ಜೀವಾವಧಿ ತೆರಿಗೆ ಇದ್ದರೂ ಅದು ಪೆಟ್ರೋಲ್ ಕಾರಿನ ತೆರಿಗೆಗಿಂತ ಬಹಳ ಕಡಿಮೆ. ಆದರೆ ಈ ಲಾಭ ನಿಮ್ಮ ಕೈಗೆ ಬರುವುದು ಕಾರು ಇಲ್ಲಿಯೇ ಜೋಡಣೆಯಾದರೆ. ಪೂರ್ತಿ ತಯಾರಾದ ಕಾರನ್ನು ಹಡಗಿನಲ್ಲಿ ತರಿಸಿದರೆ ಆಮದು ಸುಂಕವೇ ಆ ಲಾಭವನ್ನು ನುಂಗಿಹಾಕುತ್ತದೆ. ಆದ್ದರಿಂದ ಬಿಡುಗಡೆಯ ದಿನ ಮೊದಲು ಕೇಳಬೇಕಾದದ್ದು ಬ್ಯಾಟರಿ ಎಷ್ಟು ದೂರ ಓಡಿಸುತ್ತದೆ ಎಂಬುದನ್ನಲ್ಲ, ಕಾರು ಎಲ್ಲಿ ಜೋಡಣೆಯಾಗಿದೆ ಎಂಬುದನ್ನು. ನಿಮ್ಮದು ಅಪಾರ್ಟ್‌ಮೆಂಟ್ ಆಗಿದ್ದರೆ, ನಿಮ್ಮ ಪಾರ್ಕಿಂಗ್ ಜಾಗಕ್ಕೆ ಚಾರ್ಜರ್ ಹಾಕಿಸಿಕೊಳ್ಳಲು ಸಂಘದ ಒಪ್ಪಿಗೆಯನ್ನು ಈಗಲೇ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಿ. ಕಾರು ಬರುವುದಕ್ಕಿಂತ ಆ ಪತ್ರ ಬರುವುದೇ ತಡವಾಗಬಹುದು.